ಬಾಡಿಗೆ ಮನೆಗೂ ಚೀಟಿ ಬೇಕು

ನಿಲ್ಕುಂದ ಕಡೆಯ ಎಷ್ಟೋ ಮನೆಗಳ ಮಕ್ಕಳು ಓದಿಗೋ ಕೆಲಸಕ್ಕೋ ಶಿರಸಿ, ಹುಬ್ಬಳ್ಳಿ, ಬೆಂಗಳೂರಿನ ಬಾಡಿಗೆ ರೂಮುಗಳಲ್ಲಿದ್ದಾರೆ. ಅವರ ಅಡ್ವಾನ್ಸಿಗೆ ಹೋಗುವುದು ಊರಿನ ಅಡಿಕೆ ದುಡ್ಡು. ರೂಮು ಬಿಡುವಾಗ ಜಗಳ ಶುರು. ಪೇಂಟಿಂಗ್ ಖರ್ಚೆಂದು ಮಾಲೀಕರು ಹಣ ಹಿಡಿಯುತ್ತಾರೆ, ಬ್ರೋಕರ್ ಫೋನ್ ಎತ್ತುವುದಿಲ್ಲ. ‘ಹೋಗ್ಲಿ ಬಿಡು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಸುಮ್ಮನಾಗಬಾರದು ಎಂಬುದು ನಮ್ಮ ಅಭಿಪ್ರಾಯ.

ಕಾಗದವಿಲ್ಲದಿದ್ದರೆ ಏನಾಗುತ್ತದೆ ಎಂದು ಊರಿನ ಹಿರಿಯರಿಗೆ ಗೊತ್ತು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಫಾರಂ ನಂಬರ್ 7 ಕೊಟ್ಟು ಭೂನ್ಯಾಯಮಂಡಳಿ ಮುಂದೆ ನಿಲ್ಲಬೇಕಿತ್ತು. ಪಹಣಿಯಲ್ಲಿ ಹೆಸರೋ ಗೇಣಿ ರಸೀದಿಯೋ ಇದ್ದವರಿಗೆ ಆಧಾರವಿತ್ತು. ಬಾಯಿಮಾತಿನ ಗೇಣಿಯವರು ಸಾಕ್ಷಿ ಹುಡುಕಬೇಕಿತ್ತು. ಬಾಡಿಗೆ ಮನೆಯ ವಿಷಯವೂ ಹಾಗೆಯೇ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ, ನಿಜ. ಆದರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ಈಗ ಆ ದರಕ್ಕೆ ಮನೆ ಸಿಗುವುದೇ ಕಷ್ಟ. ಹಾಗಾಗಿ ಕರಾರುಪತ್ರವೇ ನಮ್ಮ ಬಲ.

11 ತಿಂಗಳ ಕರಾರಾದರೂ ಓದಿಯೇ ಸಹಿ ಹಾಕಿ. ಅಡ್ವಾನ್ಸ್ ಎಷ್ಟು, ಯಾವಾಗ ವಾಪಸ್, ಪೇಂಟಿಂಗ್ ಖರ್ಚು ಯಾರದ್ದು, ಬಿಡಲು ಎಷ್ಟು ದಿನ ಮೊದಲು ಹೇಳಬೇಕು ಎಲ್ಲವೂ ಅದರಲ್ಲಿರಲಿ. ಅಡ್ವಾನ್ಸನ್ನು ಬ್ರೋಕರ್ ಕೈಗೆ ನಗದಾಗಿ ಕೊಡಬೇಡಿ, ಮಾಲೀಕರ ಖಾತೆಗೇ ಹಾಕಿ. ಬ್ರೋಕರ್ ಕಮಿಷನ್ನಿಗೂ ರಸೀದಿ ಕೇಳಿ. ಒಳಹೋದ ದಿನ, ಬಿಟ್ಟ ದಿನ ಮೊಬೈಲಿನಲ್ಲಿ ಮನೆಯ ವಿಡಿಯೊ ಮಾಡಿಟ್ಟುಕೊಳ್ಳಿ.

ಇಷ್ಟಾದರೂ ತಕರಾರು ಬಂದರೆ ಮೊದಲು ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ. ಬಗೆಹರಿಯದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ಲೋಕ ಅದಾಲತ್‌ನಲ್ಲಿ ಶುಲ್ಕವಿಲ್ಲ. ಇಬ್ಬರೂ ಒಪ್ಪಿ ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಹಕ್ಕಿದೆ.

ಪೇಟೆಯಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರೂ ನಮ್ಮಲ್ಲಿದ್ದಾರೆ. ಅವರಿಗೂ ಒಂದು ಮಾತು: ಬಾಡಿಗೆ ಬಾಕಿಯಿದ್ದರೆ ನೋಟಿಸ್ ಕೊಡಿ, ಕೋರ್ಟಿಗೆ ಹೋಗಿ. ಕರೆಂಟು ಕತ್ತರಿಸುವುದು, ಬೀಗ ಜಡಿಯುವುದು ಬೇಡ. ಬಾಕಿ ಬಾಡಿಗೆ ವಸೂಲಿಗೆ ನಿಮ್ಮನ್ನು ಕಾಯುವುದೂ ಅದೇ ಕರಾರುಪತ್ರ.

ಸೊಸೈಟಿಗೆ ಅಡಿಕೆ ಹಾಕಿ ಚೀಟಿ ಇಲ್ಲದೆ ವಾಪಸ್ ಬರುವವರಲ್ಲ ನಾವು. ಅದೇ ಅಡಿಕೆಯ ದುಡ್ಡನ್ನು ಅಡ್ವಾನ್ಸ್ ಕೊಡುವಾಗ ಚೀಟಿ ಕೇಳಲು ಸಂಕೋಚವೇಕೆ?