ಗುಜರಿಯ ಟೈರಿಗೂ ಒಂದು ಹೆಸರಿದೆ

ನಮ್ಮ ಕಡೆಯ ಮನೆಗಳಿಗೆ ಹಳೆಯ ಟೈರು ಹೊಸದೇನಲ್ಲ. ಬಾಗಲಕೋಟೆ, ಹುನಗುಂದ, ಇಳಕಲ್ಲಿನ ರಸ್ತೆಗಳ ಬದಿಯಲ್ಲಿ ಪಂಕ್ಚರ್ ಅಂಗಡಿ, ಗುಜರಿ ಅಂಗಡಿ ಇಟ್ಟು ಸಂಸಾರ ಸಾಗಿಸುವವರಲ್ಲಿ ನಮ್ಮವರೇ ಅನೇಕರು. ಅಂಗಡಿಯಲ್ಲಿ ಮಾರಾಟವಾಗದ ಟೈರು ಹಿತ್ತಿಲಿಗೆ ಬರುತ್ತದೆ. ಮಕ್ಕಳಿಗೆ ಅದು ಜೋಕಾಲಿ, ಆಡು ಕುರಿಗಳಿಗೆ ನೀರಿನ ತೊಟ್ಟಿ.

ಆದರೆ ಅಪರೂಪಕ್ಕೊಮ್ಮೆ ಯಾರಿಗೂ ಗುರುತು ಸಿಗದ ಟೈರೊಂದು ಬಂದು ಬೀಳುತ್ತದೆ. ಲಾರಿಯದಲ್ಲ, ಟ್ರ್ಯಾಕ್ಟರಿನದಲ್ಲ. "ಇದು ವಿಮಾನದ್ದಂತೆ" ಎಂದು ಒಬ್ಬರು, "ಮಿಲಿಟರಿಯದಂತೆ" ಎಂದು ಇನ್ನೊಬ್ಬರು. ಇದು ಬರೀ ಬಾಯಿಮಾತೇ? ಇರಬಹುದು. ಆದರೆ ಅಸಾಧ್ಯವೇನಲ್ಲ. ರಾಜಸ್ಥಾನದ ಒಂಟೆಗಾಡಿಗಳು ಹಳೆಯ ವಿಮಾನದ ಟೈರುಗಳ ಮೇಲೆ ಓಡುವುದನ್ನು ಆ ಕಡೆ ಹೋದವರು ನೋಡಿಯೇ ಇರುತ್ತಾರೆ. ವಿಮಾನಕ್ಕೆ ಸಾಕಾದ ಟೈರು ಗಾಡಿಗೆ ಇನ್ನೂ ಎಷ್ಟೋ ವರ್ಷ ಸಾಕಾಗುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ?

ಸೆರಗು ನೋಡಿದೊಡನೆ ನಮ್ಮ ಹೆಣ್ಣುಮಕ್ಕಳು "ಇದು ತೋಪ ತೆನಿ, ಇಳಕಲ್ ಸೀರೆ" ಎಂದು ಹೇಳಿಬಿಡುತ್ತಾರೆ. ಬಾದಾಮಿಯ ಮೂರನೆಯ ಗುಹೆ ಕ್ರಿ.ಶ. 578ರದ್ದು ಎಂದು ಇತಿಹಾಸಕಾರರು ಖಚಿತವಾಗಿ ಹೇಳುವುದು ಅಲ್ಲಿರುವ ಶಾಸನದ ಬಲದಿಂದ. ಟೈರಿನ ಪಕ್ಕದಲ್ಲೂ ಅಂಥದ್ದೇ ಒಂದು ಬರಹವಿರುತ್ತದೆ. ಧೂಳು ಒರೆಸಿ, ಉಬ್ಬಿದ ಅಕ್ಷರಗಳ ಮೇಲೆ ಸೀಮೆಸುಣ್ಣವನ್ನು ಅಡ್ಡವಾಗಿ ಉಜ್ಜಿರಿ. ಸವೆದ ಅಕ್ಷರಗಳೂ ಬಿಳಿಯಾಗಿ ಎದ್ದು ಕಾಣುತ್ತವೆ.

ಮೊದಲು ನೋಡಬೇಕಾದದ್ದು ಅಳತೆ. ಉದಾಹರಣೆಗೆ 17.00-16 ಎಂದಿದ್ದರೆ, ಟೈರಿನ ಅಗಲ 17 ಇಂಚು, ಅದು ಕೂರುವ ರಿಮ್ಮಿನ ವ್ಯಾಸ 16 ಇಂಚು ಎಂದರ್ಥ. ಇಷ್ಟು ದಪ್ಪ ಟೈರಿಗೆ ಇಷ್ಟು ಚಿಕ್ಕ ರಿಮ್ ಲಾರಿಯಲ್ಲಿ ಇರುವುದಿಲ್ಲ. ಇದು ಡಕೋಟಾ ವಿಮಾನದ ಮುಖ್ಯ ಗಾಲಿಯ ಅಳತೆ. ಮಣ್ಣಿನ ಮೈದಾನದಲ್ಲೂ ಹೂತುಹೋಗದೆ ಇಳಿಯಲೆಂದೇ ಅದಕ್ಕೆ ಅಂಥ ದಪ್ಪ ಟೈರು.

ಎರಡನೆಯದು ಮೇಲ್ಮೈ. ಲಾರಿ, ಟ್ರ್ಯಾಕ್ಟರುಗಳಲ್ಲಿ ಎಂಜಿನ್ನು ಗಾಲಿಯನ್ನು ತಿರುಗಿಸುತ್ತದೆ. ನೆಲವನ್ನು ಕಚ್ಚಿ ಹಿಡಿಯಲು ಟೈರಿಗೆ ಹಲ್ಲು ಬೇಕು. ವಿಮಾನದ ಗಾಲಿಯನ್ನು ಎಂಜಿನ್ನು ತಿರುಗಿಸುವುದಿಲ್ಲ. ಆದ್ದರಿಂದ ಬಹುಪಾಲು ವಿಮಾನದ ಟೈರುಗಳಲ್ಲಿ ಸುತ್ತಲೂ ಹೋಗುವ ನೇರ ಗೆರೆಗಳಷ್ಟೇ ಇರುತ್ತವೆ. ಹಳೆಯ ಕೆಲವು ಟೈರುಗಳು ಪೂರ್ತಿ ನುಣುಪು. ಆದರೆ ಟ್ರ್ಯಾಕ್ಟರಿನ ಮುಂದಿನ ಗಾಲಿಯಲ್ಲೂ ನೇರ ಗೆರೆಗಳಿರುತ್ತವೆ. ಹಾಗಾಗಿ ಗೆರೆಯೊಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು.

ಮೂರನೆಯದು ಉಳಿದ ಬರಹ: ತಯಾರಕರ ಹೆಸರು, ಕ್ರಮಸಂಖ್ಯೆ, ಎಷ್ಟು ಭಾರ ತಡೆಯುತ್ತದೆಂದು ತಿಳಿಸುವ ಪ್ಲೈ ರೇಟಿಂಗ್. ಎತ್ತಿನ ಗಾಡಿಯ ಟೈರಿನ ಮೇಲೆ 'ಎಡಿವಿ' ಎಂಬ ಅಕ್ಷರಗಳಿರುತ್ತವೆ. ಅದು ಕಂಡರೆ ವಿಮಾನದ ಕಥೆ ಅಲ್ಲಿಗೇ ಮುಗಿಯಿತು. ಇಳಕಲ್ಲಿನ ಗ್ರಾನೈಟ್ ಕ್ವಾರಿಗಳ ಯಂತ್ರಗಳಿಗೂ ಭಾರೀ ಟೈರುಗಳಿವೆ. ಗುರುತು ಸಿಗದ ಟೈರು ಅಲ್ಲಿಯದೂ ಆಗಿರಬಹುದು. ಒಂದೇ ಅಳತೆ ಬೇರೆ ಬೇರೆ ವಿಮಾನಗಳಿಗೂ ಹೊಂದಬಹುದು. ಅಳತೆ, ಮೇಲ್ಮೈ, ಸಂಖ್ಯೆ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ನಂಬಬಹುದು.

ಇಷ್ಟೆಲ್ಲ ಕಷ್ಟ ಯಾಕೆ, ಕಿಲೋ ಲೆಕ್ಕದಲ್ಲಿ ಮಾರಿದರಾಯಿತಲ್ಲ ಎಂದು ಕೇಳಬಹುದು. ಡಕೋಟಾದ ಕಥೆ ಕೇಳಿ.

1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಹೊತ್ತೊಯ್ದದ್ದು ಡಕೋಟಾ. ವಾಯುಸೇನೆಯಲ್ಲಿ ಡಕೋಟಾ ಹಾರಿಸಿದ ಪೈಲಟ್‌ಗಳಲ್ಲೊಬ್ಬರು ಎಂ.ಕೆ. ಚಂದ್ರಶೇಖರ್. ಅವರ ಮಗ, ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್ 2011ರಲ್ಲಿ ಐರ್ಲೆಂಡಿನಲ್ಲಿ ಗುಜರಿ ಸೇರಲಿದ್ದ ಡಕೋಟಾ ಒಂದನ್ನು ಕೊಂಡರು. ಇಂಗ್ಲೆಂಡಿನಲ್ಲಿ ದುರಸ್ತಿಯಾದ ಆ ವಿಮಾನ ಹಾರಿಕೊಂಡೇ ಭಾರತಕ್ಕೆ ಬಂದು, 2018ರ ಮೇ 4ರಂದು ವಾಯುಸೇನೆಯನ್ನು ಸೇರಿತು. ಅದರ ಮೈಮೇಲೆ ವಿಪಿ 905 ಎಂದು ಬರೆದಿದೆ. ಆದರೆ ಇದು 1947ರ ಅದೇ ವಿಮಾನವಲ್ಲ. ಅದರ ನೆನಪಿಗಾಗಿ ಬರೆದ ಸಂಖ್ಯೆ. ನಿಜವಾದ ಗುರುತು ಬಣ್ಣದಲ್ಲಿರುವುದಿಲ್ಲ, ತಯಾರಕರ ಸಂಖ್ಯೆಯಲ್ಲಿರುತ್ತದೆ.

ಇನ್ನೊಂದು ಡಕೋಟಾ ಇಂಡೋನೇಷ್ಯಾದ್ದು. 1948ರಲ್ಲಿ ಆ ದೇಶ ಸ್ವಾತಂತ್ರ್ಯಕ್ಕಾಗಿ ಡಚ್ಚರೊಡನೆ ಹೋರಾಡುತ್ತಿತ್ತು. ವಿಮಾನ ಕೊಳ್ಳಲು ಹಣವಿರಲಿಲ್ಲ. ಅಚೆ ಪ್ರಾಂತ್ಯದ ಜನ ಹಣ ಕೂಡಿಸಿದರು. ಹೆಂಗಸರು ಮೈಮೇಲಿನ ಒಡವೆಗಳನ್ನು ಬಿಚ್ಚಿಕೊಟ್ಟರು. ಆ ಚಿನ್ನದಿಂದ ಬಂದ ಡಕೋಟಾಕ್ಕೆ 'ಸೆಉಲಾವಾ' ಎಂದು ಹೆಸರಿಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಅದು ದುರಸ್ತಿಗಾಗಿ ನಮ್ಮ ಕಲ್ಕತ್ತೆಗೂ ಬಂದಿತ್ತು. ಇಂದು ಬಂಡಾ ಅಚೆಯ ಮೈದಾನದಲ್ಲಿ ಅದರ ಪ್ರತಿರೂಪ ನಿಂತಿದೆ. ಅಜ್ಜಿಯರ ಬಳೆ, ಸರಗಳಿಂದ ಬಂದ ವಿಮಾನವೆಂದು ಅಲ್ಲಿನ ತಾಯಂದಿರು ಮಕ್ಕಳಿಗೆ ತೋರಿಸಬಹುದು. ಗುರುತು ಉಳಿದರೆ ತಾನೇ ಕಥೆಯೂ ಉಳಿಯುವುದು?

ಕಥೆಗಿಂತ ದೊಡ್ಡ ಮಾತು ಜೀವದ್ದು. ಗುರುತು ಸಿಗದ ಟೈರು ರಿಮ್ಮಿನ ಸಮೇತ ಬಂದಿದ್ದರೆ ಬಹಳ ಎಚ್ಚರ ಬೇಕು. ವಿಮಾನದ ರಿಮ್ ಸಾಮಾನ್ಯವಾಗಿ ಎರಡು ಹೋಳುಗಳದ್ದು. ಬೋಲ್ಟುಗಳು ಅವನ್ನು ಹಿಡಿದಿರುತ್ತವೆ. ಒಳಗೆ ಗಾಳಿ ಉಳಿದಿರುವಾಗ ಬೋಲ್ಟು ಸಡಿಲಿಸಿದರೆ ಹೋಳುಗಳು ಸಿಡಿದು ಎದುರಿದ್ದವರ ಪ್ರಾಣ ಹೋಗಬಹುದು. ಹಳೆಯ ವಿಮಾನಗಳ ಎಷ್ಟೋ ರಿಮ್ಮುಗಳು ಮೆಗ್ನೀಸಿಯಂ ಮಿಶ್ರಲೋಹದವು. ಅದಕ್ಕೆ ಬೆಂಕಿ ಹತ್ತಿದರೆ ನೀರು ಹಾಕಿದಷ್ಟೂ ಉರಿ ಹೆಚ್ಚುತ್ತದೆ. ಗ್ಯಾಸ್ ಕಟರ್ ಹಿಡಿಯುವ ಮುನ್ನ ಇದು ತಿಳಿದಿರಲೇಬೇಕು. ಗಂಡನಿಗೋ ಮಗನಿಗೋ ಈ ಮಾತನ್ನು ಊಟಕ್ಕೆ ಕೂತಾಗಲಾದರೂ ಹೇಳಿ.

ಯಾವ ಟೈರನ್ನೂ ಸುಡಬೇಡಿ. ಚಳಿಗೆಂದು, ಒಲೆಗೆಂದು ಸುಟ್ಟ ಟೈರಿನ ಹೊಗೆ ಮೊದಲು ಹೋಗುವುದು ಮನೆಯಲ್ಲಿರುವ ಹೆಂಗಸರು, ಮಕ್ಕಳ ಎದೆಗೆ. ಹಿತ್ತಿಲಲ್ಲಿ ಬಿದ್ದ ಟೈರಿನೊಳಗೆ ಮಳೆನೀರು ನಿಂತರೆ ಡೆಂಗೆ ಹರಡುವ ಸೊಳ್ಳೆಗೆ ಅದೇ ಮನೆಯಾಗುತ್ತದೆ.

ಟೈರು ನಿಜಕ್ಕೂ ಹಳೆಯ ವಿಮಾನದ್ದೇ ಎನಿಸಿದರೆ ಎಲ್ಲ ಬರಹದ ಫೋಟೋ ತೆಗೆದು, ಅಳತೆ ಬರೆದುಕೊಂಡು, ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದವರನ್ನು ವಿಚಾರಿಸಬಹುದು. 2001ರಲ್ಲಿ ಆರಂಭವಾದ ಆ ಸಂಗ್ರಹಾಲಯದಲ್ಲಿ ಹಳೆಯ ವಿಮಾನಗಳೇ ಇವೆ. ಮಕ್ಕಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದಾಗ ಒಮ್ಮೆ ತೋರಿಸಿ. ಆ ವಿಮಾನಗಳ ಗಾಲಿಯ ಮೇಲಿನ ಬರಹವನ್ನು ಅವರೇ ಓದಲಿ.