ಈಜು ಕಲಿಸ್ತೀವಿ, ಕಿವಿ ಬಿಡಿಸೋದು?

ಕೆಮ್ಮಣ್ಣುಗುಂಡಿಯಿಂದ ಲಿಂಗದಹಳ್ಳಿ ಮೇಲೆ ತರೀಕೆರೆಗೆ ಇಳಿದವರಿಗೆಲ್ಲ ಗೊತ್ತು, ಅರ್ಧ ದಾರೀಲಿ ಕಿವಿ ಕಟ್ಟಿಕೊಳ್ಳುತ್ತೆ. ಪಕ್ಕದವರ ಮಾತು ಎಲ್ಲೋ ದೂರದಿಂದ ಬಂದ ಹಾಗಿರುತ್ತೆ. ಯಾರಾದರೂ ಪೆಪ್ಪರಮೆಂಟು ಕೊಡ್ತಾರೆ, ಇಲ್ಲವೇ ಒಂದು ಸಲ ಆಕಳಿಸಿದರೆ 'ಟಪ್' ಅಂತ ಬಿಡುತ್ತೆ. ಕೆಮ್ಮಣ್ಣುಗುಂಡಿ ಇರೋದು 1434 ಮೀಟರ್ ಎತ್ತರದಲ್ಲಿ, ತರೀಕೆರೆ ಹೆಚ್ಚು ಕಡಿಮೆ 700. ಇಷ್ಟು ಇಳಿದಾಗ ಗಾಳಿಯ ಒತ್ತಡ ಎಷ್ಟು ಏರುತ್ತೆ ಅಂತ ಲೆಕ್ಕ ಹಾಕಿದೆ. ಸುಮಾರು ಎರಡೂವರೆ ಅಡಿ ನೀರಿನ ಒತ್ತಡದಷ್ಟು, ಅಷ್ಟೇ! ಒಂದು ಗಂಟೆಯ ಘಾಟಿ ಇಳಿದು ಕಿವಿ ಅನುಭವಿಸಿದ್ದನ್ನ ಬಾವಿಗೆ ತಲೆಕೆಳಗಾಗಿ ಧುಮುಕಿದ ಹುಡುಗ ಒಂದೆರಡು ಸೆಕೆಂಡಿನಲ್ಲಿ ದಾಟಿರ್ತಾನೆ. ಅಲ್ಲಿ ಪೆಪ್ಪರಮೆಂಟು ಕೊಡೋರು ಯಾರು?

ನಮ್ಮ ಕಡೆ, ಅಂದರೆ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ, ಈಜು ಕಲಿತವರು ಬಹಳ ಜನ ತೋಟದ ಬಾವೀಲೇ ಕಲಿತಿದ್ದು. ಸೊಂಟಕ್ಕೆ ಸೋರೆಬುರುಡೆ, ಆಮೇಲೆ ಟ್ಯೂಬು, ಈಗ ಪ್ಲಾಸ್ಟಿಕ್ ಕ್ಯಾನು. ಕೈ ಕಾಲು ಹೇಗೆ ಆಡಿಸಬೇಕು ಅಂತ ಅಣ್ಣಂದಿರೋ ಮಾವಂದಿರೋ ಹೇಳಿಕೊಡ್ತಾರೆ. ಕಿವಿ ವಿಷಯ ಮಾತ್ರ ಯಾರೂ ಎತ್ತಲ್ಲ. ಹಗ್ಗ ಹರಿದು ಕೊಡ ಬಿದ್ದಾಗ ಮೊದಲು ಪಾತಾಳಗರಡಿ ಹುಡುಕ್ತಿದ್ರು, ಅದಕ್ಕೂ ಸಿಗದಿದ್ದರೆ ಯಾರಾದರೂ ಗಟ್ಟಿ ಹುಡುಗನ್ನ ಇಳಿಸ್ತಿದ್ರು. ಅವನು ಮೇಲೆ ಬಂದು ಕಿವಿ ಹಿಡಿದುಕೊಂಡು ಕೂತರೆ "ರೂಢಿ ಆಗುತ್ತೆ ಬಿಡೋ" ಅನ್ನೋ ಸಮಾಧಾನ. ಇಲ್ಲಾಂದ್ರೆ ಎಣ್ಣೆ, ಹತ್ತಿ.

ಈ "ರೂಢಿ ಆಗುತ್ತೆ" ಅನ್ನೋ ಮಾತಿನ ಮೇಲೆಯೇ ನನ್ನ ತಕರಾರು. ಕಿವಿತಮಟೆಗೆ ರೂಢಿ ಅನ್ನೋದಿಲ್ಲ. ಅದರ ಹಿಂದೆ ಮಧ್ಯಕಿವಿ ಅಂತ ಗಾಳಿ ತುಂಬಿದ ಚಿಕ್ಕ ಗೂಡಿದೆ, ಆ ಗೂಡಿನಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಳಿಕೆ. ಅದೇ ಯೂಸ್ಟೇಷಿಯನ್ ನಳಿಕೆ. ನೀರು ಹೊರಗಿನಿಂದ ಒತ್ತಿದಷ್ಟೂ ಈ ನಳಿಕೆ ಮೂಲಕ ಒಳಗೆ ಗಾಳಿ ಸೇರಿಸಬೇಕು. ಸೇರಿಸದಿದ್ದರೆ ತಮಟೆ ಒಳಕ್ಕೆ ಬಾಗುತ್ತೆ, ನೋಯುತ್ತೆ, ಕೊನೆಗೆ ಹರಿಯುತ್ತೆ. ಹೊರಗಿನ ದ್ವಾರಕ್ಕೆ ಎಣ್ಣೆ ಬಿಟ್ಟು ಹತ್ತಿ ತುರುಕಿದರೆ ಒಳಗಿನ ಗೂಡಿಗೆ ಏನೂ ತಲುಪಲ್ಲ.

ಹರಿದರೆ ಏನು, ಒಂದು ತಿಂಗಳು ಸೋರಿ ವಾಸಿಯಾಗುತ್ತೆ ಅಂತೀರಾ? ಎಷ್ಟೋ ಸಲ ವಾಸಿಯಾಗುತ್ತೆ ನಿಜ. ಆದರೆ ಹರಿದ ಆ ಕ್ಷಣ ಇದೆಯಲ್ಲ, ಅದು ಅಪಾಯ. ತಣ್ಣನೆ ನೀರು ಮಧ್ಯಕಿವಿಗೆ ನುಗ್ಗಿ, ಪಕ್ಕದಲ್ಲೇ ಇರೋ ಸಮತೋಲದ ಅಂಗಕ್ಕೆ ತಾಗಿದರೆ ತಲೆ ಗಿರ್ರೆಂದು ತಿರುಗುತ್ತೆ. ಕತ್ತಲ ಬಾವಿಯ ಹದಿನೈದು ಅಡಿ ಆಳದಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಅಂತಲೇ ಗೊತ್ತಾಗದೆ ಇರೋದು ಅಂದ್ರೆ ಏನು ಅಂತ ಯೋಚನೆ ಮಾಡಿ. ಚೆನ್ನಾಗಿ ಈಜು ಬರ್ತಿದ್ದ ಹುಡುಗ ಹೇಗೆ ಮುಳುಗಿದ ಅಂತ ಊರವರು ಅಚ್ಚರಿ ಪಡುವ ಸಾವುಗಳಲ್ಲಿ ಕೆಲವಾದರೂ ಹೀಗೆ ಆಗಿರಬಹುದು ಅಂತ ನನ್ನ ಗುಮಾನಿ.

ಇನ್ನೊಂದು ವಿಷಯ, ಕಷ್ಟ ಇರೋದು ಮೇಲಿನ ನೀರಿನಲ್ಲೇ. 33 ಅಡಿಗೆ ಒತ್ತಡ ಎರಡರಷ್ಟಾಗುತ್ತೆ, ಅಂದರೆ ಕಿವಿಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗಬೇಕು. ಅಲ್ಲಿಂದ ಮತ್ತೆ 33 ಅಡಿ ಹೋದರೆ ಅರ್ಧ ಇದ್ದದ್ದು ಮೂರನೇ ಒಂದು ಭಾಗ ಆಗುತ್ತೆ, ಅಷ್ಟೆ. ಲಕ್ಕವಳ್ಳಿಯ ಭದ್ರಾ ಜಲಾಶಯ ತುಂಬಿ 186 ಅಡಿ ಆದಾಗ ತಳದಲ್ಲಿ ಆರೂವರೆ ಪಟ್ಟು ಒತ್ತಡ ಇರುತ್ತೆ, ಆದರೆ ಮನುಷ್ಯನ ಕಿವಿ ಸೋಲೋದು ಮೊದಲ ಹತ್ತಡಿಯಲ್ಲಿ. ಈಗ ತೋಟ ತೋಟಕ್ಕೂ ಬಂದಿರೋ ಕೃಷಿ ಹೊಂಡದ ಆಳವೇ ಸಾಕು. (ಕೃಷಿ ಹೊಂಡದ ಜಾರುವ ಪ್ಲಾಸ್ಟಿಕ್ ಹಾಳೆಯದ್ದು ಬೇರೆಯದೇ ಕಥೆ, ಅದಕ್ಕೆ ಬೇಲಿ, ಹಗ್ಗ ಎರಡೂ ಬೇಕು.)

ಸರಿ, ಬಿಡಿಸೋದು ಹೇಗೆ? ಎಲ್ಲರಿಗೂ ಗೊತ್ತಿರೋದು ಮೂಗು ಹಿಡಿದು ಊದೋದು. ಇಟಲಿಯ ವಾಲ್ಸಾಲ್ವಾ ಅನ್ನೋ ಅಂಗರಚನಾ ತಜ್ಞ 1704ರಲ್ಲಿ ಕಿವಿಯ ಬಗ್ಗೆ ಪುಸ್ತಕ ಬರೆದ, ಇದಕ್ಕೆ ಅವನ ಹೆಸರೇ ನಿಂತಿದೆ. ನೆಲದ ಮೇಲೆ, ಬಸ್ಸಿನಲ್ಲಿ ಇದು ಸಾಕು. ತಲೆಕೆಳಗಾದಾಗ ಸಾಲದು, ಯಾಕಂದ್ರೆ ಎದೆಯಿಂದ ಗಾಳಿಯನ್ನ ತಳ್ಳಬೇಕು, ಆಳ ಹೋದಷ್ಟೂ ಎದೆಯೊಳಗಿನ ಗಾಳಿಯೇ ಕುಗ್ಗಿರುತ್ತೆ. ಜೋರಾಗಿ ಊದಿದರೆ ಒಳಕಿವಿಗೂ ಪೆಟ್ಟು. ಉಸಿರು ಹಿಡಿದು ಆಳಕ್ಕೆ ಹೋಗೋರು ಬಳಸೋದು ಫ್ರೆಂಜೆಲ್ ಪದ್ಧತಿ. ಹರ್ಮನ್ ಫ್ರೆಂಜೆಲ್ ಅನ್ನೋ ಜರ್ಮನ್ ಕಿವಿ ವೈದ್ಯ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಗಕ್ಕನೆ ಕೆಳಗಿಳಿಯೋ ಬಾಂಬರ್ ವಿಮಾನದವರಿಗೆ ಕಲಿಸಿದ್ದು. ಇದರಲ್ಲಿ ಎದೆಗೆ ಕೆಲಸವೇ ಇಲ್ಲ. ಗಂಟಲು ಮುಚ್ಚಿ, ನಾಲಿಗೆಯನ್ನೇ ಪಂಪಿನ ದಂಡದ ಹಾಗೆ ಮಾಡಿ ಬಾಯಿಯ ಗಾಳಿಯನ್ನ ಮೂಗಿನ ಹಿಂದಕ್ಕೆ ತಳ್ಳೋದು.

ಇಂಗ್ಲಿಷಿನವರು ಇದನ್ನ ಟಿ, ಕೆ ಅಂತ ಹೇಳಿಕೊಡ್ತಾರೆ. ನಮಗೆ ಅದಕ್ಕಿಂತ ಒಳ್ಳೆ ಸಾಧನ ಒಂದನೇ ಕ್ಲಾಸಿನಲ್ಲೇ ಸಿಕ್ಕಿದೆ. ಕಂಠ್ಯ, ತಾಲವ್ಯ, ದಂತ್ಯ ಅಂತ ನಾಲಿಗೆ ಎಲ್ಲಿ ತಾಗುತ್ತೆ ಅನ್ನೋದರ ಮೇಲೇ ಜೋಡಿಸಿದ ವರ್ಣಮಾಲೆ ನಮ್ಮದು. 'ತ' ಅನ್ನೋ ಜಾಗದಲ್ಲಿ ನಾಲಿಗೆ ತುದಿ ಒತ್ತಿ ಹಿಡೀರಿ, ಬಾಯಿ ಮುಂದೆ ಮುಚ್ಚಿತು. ಈಗ ನಾಲಿಗೆ ಬುಡವನ್ನ 'ಕ' ಕಡೆಗೆ ಎತ್ತಬೇಕು. ಆದರೆ 'ಕ' ಅನ್ನುವಾಗ ಕಿರುನಾಲಿಗೆಯ ಮೆದು ಅಂಗಳ ಮೇಲೆದ್ದು ಮೂಗಿನ ದಾರಿ ಮುಚ್ಚುತ್ತೆ, ಎಷ್ಟೋ ಜನ ಸೋಲೋದೇ ಇಲ್ಲಿ. ಅದು ತೆರೆದೇ ಇದ್ದು ನಾಲಿಗೆ ಬುಡ ಮೇಲೇಳಬೇಕಾದರೆ ಬೇಕಾದ್ದು 'ಙ'! ಬಾಯಿಪಾಠದಲ್ಲಿ ಬಿಟ್ಟರೆ ಬೇರೆಲ್ಲೂ ಕೆಲಸ ಸಿಗದ ಆ ಬಡಪಾಯಿ ಅಕ್ಷರ. ಪರೀಕ್ಷೆ ಸುಲಭ: ಉದ್ದಕ್ಕೆ 'ಙ್ಙ್ಙ್' ಅನ್ನುತ್ತಾ ಮೂಗು ಹಿಡೀರಿ. ದನಿ ನಿಂತರೆ ಮೂಗಿನ ದಾರಿ ತೆರೆದಿದೆ.

ಆಮೇಲೆ ಮೂಗು ಹಿಡಿದು, ಭಾರ ಎತ್ತುವಾಗಿನ ಹಾಗೆ ಗಂಟಲಲ್ಲಿ ಉಸಿರು ಬಿಗಿಹಿಡಿದು, ನಾಲಿಗೆಯಿಂದ ತಳ್ಳಿ. ಒಂದು ಕೈ ಹೊಟ್ಟೆ ಮೇಲಿರಲಿ. ಹೊಟ್ಟೆ ಅಲ್ಲಾಡದೆ, ಗಂಟಲ ಗುಬ್ಬೆ ಮೇಲೆದ್ದು, ಮೂಗಿನ ಹೊಳ್ಳೆ ಉಬ್ಬಿ, ಕಿವಿ ಟಪ್ ಅಂದರೆ ಬಂತು ಅಂತ ಅರ್ಥ. ಜಗಲಿ ಮೇಲೆ ಕೂತು ದಿನಾ ಐದು ನಿಮಿಷ ಮಾಡಿದರೆ ಸಾಕು, ಕೆಲವರಿಗೆ ಎರಡು ದಿನ, ಕೆಲವರಿಗೆ ತಿಂಗಳು.

ನೀರಿನಲ್ಲಿ ಮೊದಲು ಕಾಲು ಕೆಳಗೆ ಮಾಡಿ ಹಗ್ಗ ಹಿಡಿದು ಇಳಿಯೋದು. ಎರಡು ಅಡಿಗೊಮ್ಮೆ ಬಿಡಿಸಬೇಕು, ನೋಯೋ ಮೊದಲೇ. ನೋವು ಬಂದಮೇಲೆ ಆ ನಳಿಕೆಯ ಬಾಯಿ ಅಂಟಿಕೊಂಡಿರುತ್ತೆ, ಎಷ್ಟು ತಳ್ಳಿದರೂ ತೆರೆಯಲ್ಲ, ಮೇಲೆ ಬರಬೇಕು ಅಷ್ಟೆ. ನೆಗಡಿ ಇದ್ದ ದಿನ ನೀರಿಗೇ ಬೇಡ.

"ಇದನ್ನೆಲ್ಲ ಹೇಳಿಕೊಟ್ಟರೆ ಹುಡುಗರು ಇನ್ನೂ ಆಳಕ್ಕೆ ಹೋಗ್ತಾರೆ" ಅನ್ನೋ ಆಕ್ಷೇಪ ಕೇಳಿದೀನಿ. ಹೋಗೋರು ಈಗಲೂ ಹೋಗ್ತಾನೇ ಇದಾರಲ್ಲ? ಕಲಿತವನಿಗೆ ಮಾತ್ರ ವಾಪಸ್ ತಿರುಗೋದಕ್ಕೆ ಒಂದು ಸೂಚನೆ ಸಿಗುತ್ತೆ: ಕಿವಿ ಬಿಡಲಿಲ್ಲ, ಮೇಲಕ್ಕೆ. ಮುಳುಗೋ ಮುಂಚೆ ಹತ್ತಿಪ್ಪತ್ತು ಸಲ ಜೋರಾಗಿ ಉಸಿರಾಡೋ ಚಟ ಇದೆಯಲ್ಲ, ಅದನ್ನೂ ಅದೇ ಪಾಠದಲ್ಲಿ ಬಿಡಿಸಬಹುದು. ಅದರಿಂದ ಉಸಿರು ಬೇಕೆನ್ನೋ ಒತ್ತಾಯ ತಡವಾಗಿ, ನೀರೊಳಗೇ ಎಚ್ಚರ ತಪ್ಪುತ್ತೆ.

ಇನ್ನು ಕೆರೆಯಲ್ಲಿ ಯಾರೋ ಮುಳುಗಿದಾಗ ಕರೆಸೋ ಜನ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ಗಂಗಾವಳಿಗಿಳಿದ ಈಶ್ವರ ಮಲ್ಪೆಯಂಥವರ ಹೆಸರು ಪೇಪರಿನಲ್ಲಿ ಬಂತು. ಅಯ್ಯನಕೆರೆಗೋ ಮದಗದ ಕೆರೆಗೋ ಇಳಿಯೋನು ಸಾಮಾನ್ಯವಾಗಿ ಆ ಊರಿನ ಒಳ್ಳೆ ಈಜುಗಾರ, ಮೈಮೇಲೆ ಚಡ್ಡಿ ಬಿಟ್ಟರೆ ಏನೂ ಇರಲ್ಲ. ದಿನವಿಡೀ ಹತ್ತಾರು ಸಲ ಮುಳುಗಿ ಏಳ್ತಾನೆ. ಸಂಜೆ ಅವನ ಕಿವಿ ಏನಾಗಿರುತ್ತೆ ಅಂತ ಯಾರೂ ಕೇಳಲ್ಲ. ಬೇಸಿಗೆ ಈಜು ಶಿಬಿರ ನಡೆಸೋರು ಹತ್ತು ನಿಮಿಷ ಹುಡುಗರನ್ನ ದಂಡೆ ಮೇಲೆ ಕೂರಿಸಿ 'ಙ' ಹೇಳಿಸಲಿ ಅಂತ ನನ್ನ ಕೋರಿಕೆ, ಆದರೆ ಅದಕ್ಕೂ ಮೊದಲು ಇವರನ್ನ ಕೂರಿಸಿ ಹೇಳಿಕೊಡಿ.