ದತ್ತನ ಊರಿನಲ್ಲಿ ಮನೋವೈದ್ಯರಿಗೂ ಒಂದು ಕೋಣೆ

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ, ಭೀಮಾ–ಅಮರ್ಜಾ ಸಂಗಮದ ದತ್ತ ಸನ್ನಿಧಿಗೆ, ‘ಗಾಳಿ ಬಡದದ’ ಎಂದು ಮನೆಮಂದಿಯನ್ನು ಕರೆತರುವವರು ಇಂದಿಗೂ ಇದ್ದಾರೆ. ಅವರನ್ನು ಮೂಢರೆಂದು ಹಳಿಯುವುದು ಕ್ರೌರ್ಯ. ಕೈಗೆಟಕುವ ದೂರದಲ್ಲಿ ಅವರಿಗೆ ಸಿಗುವುದು ದೇವರೊಬ್ಬನೇ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ಕಾಯಿಲೆಗೆ ಅನುಗುಣವಾಗಿ, ಶೇ 70ರಿಂದ 92ರಷ್ಟು ಮನೋರೋಗಿಗಳು ಚಿಕಿತ್ಸೆಯಿಂದ ಹೊರಗಿದ್ದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮದೇ ಕಲ್ಯಾಣ ಕರ್ನಾಟಕದ ಬಳ್ಳಾರಿ! ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ವೂ ಒಳ್ಳೆಯ ಯೋಜನೆ. ಆದರೆ ತೊಗರಿ ಹೊಲದ ಕೂಲಿಯವರಿಗೆ ಔಷಧಿ ಉಚಿತವಾದರೆ ಸಾಲದು. ಆ ದಿನದ ಕೂಲಿ, ಬಸ್ ಚಾರ್ಜು, ಜೊತೆಗೆ ಬರುವವರ ಕೂಲಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ‘ಆಲ್ಟ್ರುಯಿಸ್ಟ್’ ಎಂಬ ಸ್ವಯಂಸೇವಾ ಸಂಸ್ಥೆ ಸರ್ಕಾರದ ಜೊತೆಗೂಡಿ ‘ದವಾ–ದುವಾ’ (ಔಷಧಿ–ಪ್ರಾರ್ಥನೆ) ಕಾರ್ಯಕ್ರಮ ನಡೆಸಿತು. ಮುಜಾವರರೇ ರೋಗಿಗಳನ್ನು ವೈದ್ಯರ ಬಳಿಗೆ ಕಳಿಸಿದರು. ಪ್ರಾರ್ಥನೆ ನಿಲ್ಲಲಿಲ್ಲ, ಮಾತ್ರೆಯೂ ಸಿಕ್ಕಿತು. ಇನ್ನೊಂದು ದಾರಿ ತಮಿಳುನಾಡಿನ ಏರ್ವಾಡಿಯದು. 2001ರ ಆಗಸ್ಟ್ 6ರಂದು ಅಲ್ಲಿನ ದರ್ಗಾ ಬಳಿಯ ಆಶ್ರಯಧಾಮಕ್ಕೆ ಬಿದ್ದ ಬೆಂಕಿಯಲ್ಲಿ ಸತ್ತ 28 ಮನೋರೋಗಿಗಳನ್ನು ಸರಪಳಿಯಿಂದ ಬಿಗಿಯಲಾಗಿತ್ತು.

ಗಾಣಗಾಪುರಕ್ಕೆ ಉನಾವಾದ ದಾರಿ ಬೇಕು. ಜಿಲ್ಲಾಡಳಿತ, ಅರ್ಚಕರು, ಸ್ವಯಂಸೇವಾ ಸಂಸ್ಥೆಗಳು ಒಟ್ಟಿಗೆ ಕೂತು ಮಾತಾಡಲಿ. ಮೊದಲು ವಾರಕ್ಕೊಂದು ದಿನ, ಭಕ್ತರ ದಟ್ಟಣೆಯ ಹುಣ್ಣಿಮೆಗಳಂದು ತಪ್ಪದೆ, ಒಂದು ಕೋಣೆ ತೆರೆಯಲಿ. ಅಲ್ಲಿಯವರೆಗೆ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416 ಅನ್ನು ದೇಗುಲದ ಗೋಡೆಯ ಮೇಲೆ ದೊಡ್ಡದಾಗಿ ಬರೆಸಬಹುದಲ್ಲ, ಕನ್ನಡದಲ್ಲೂ ಮರಾಠಿಯಲ್ಲೂ?